ಗೋಡೆಯಾಚೆಯ ಐವತ್ತೊಂದು ಕಿಲೋ

ಆ ಪ್ರಯೋಗಶಾಲೆಯ ಕಟ್ಟಡದಲ್ಲಿ ಅವಳನ್ನು ಎಲ್ಲರೂ ನೂಲಕ್ಕ ಎನ್ನುತ್ತಿದ್ದರು. ಹತ್ತಿಯ ನೂಲಲ್ಲ, ಗಾಜಿನ ನೂಲು. ಬೆರಳುದ್ದದ ಸ್ಫಟಿಕದ ಕಡ್ಡಿಯನ್ನು ಗ್ಯಾಸಿನ ಉರಿಗೆ ಹಿಡಿದು, ನಡುಭಾಗ ಬೆಳ್ಳಗೆ ಕಾದು ಮೆತ್ತಗಾದ ಗಳಿಗೆ ನೋಡಿ, ಎರಡೂ ತೋಳುಗಳನ್ನು ಒಮ್ಮೆಗೇ ಅಗಲಕ್ಕೆ ಚಾಚಿಬಿಡುವಳು. ಚಾಚಿದ ಕೈಗಳ ನಡುವೆ ಏನಿದೆ ಎಂದು ನೋಡಿದವರಿಗೆ ಏನೂ ಕಾಣದು. ಹಿಂದೆ ಕರಿ ಮಖಮಲ್ಲಿನ ಹಲಗೆ ಇಟ್ಟು ದೀಪ ಓರೆ ಮಾಡಿದರೆ ಆಗ ಸಣ್ಣದೊಂದು ಬೆಳಕಿನ ಗೀಟು. ತಲೆಗೂದಲಿನ ಹತ್ತರಲ್ಲೊಂದು ಪಾಲು ದಪ್ಪ. ಬೆರಳು ತಾಗಿದರೆ ಮುಗಿಯಿತು, ಕೈಯ ಜಿಡ್ಡಿಗೇ ಅದು ಮುರಿಯುತ್ತದೆ.

ಈ ಕೆಲಸ ಅವಳಿಗೆ ಅಪ್ಪನಿಂದ ಬಂದದ್ದು. ಅವನು ಅದೇ ಕಟ್ಟಡದಲ್ಲಿ ಗಾಜು ಊದುತ್ತಿದ್ದ. ಏಳನೆಯ ತರಗತಿಗೆ ಶಾಲೆ ಬಿಟ್ಟ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಉಸಿರು ಹಿಡ್ಕೋ, ಕೈ ಬಿಡು" ಎಂದು ಕಲಿಸಿದ್ದ. ಇನ್ನೊಂದು ಮಾತನ್ನೂ ಹೇಳುತ್ತಿದ್ದ: "ನೂಲಲ್ಲಿ ಗೀರು ಕಂಡ್ರೆ ಆಗಲೇ ಹೇಳ್ಬಿಡು ಮಗಳೇ. ಬಿದ್ಮೇಲೆ ಹೇಳಿದ್ರೆ ಅದು ಬರೀ ಸುದ್ದಿ." ಅವನು ಹೋದ ಮೇಲೆ ಅವನ ಮೇಜು, ಅವನ ಉರಿ, ಅವನ ಕರಿ ಹಲಗೆ ಎಲ್ಲವೂ ಅವಳದಾದವು. ಮದುವೆಯೊಂದು ಆಗಲಿಲ್ಲ. ಮೊದಲು ತಮ್ಮ ಓದಬೇಕಿತ್ತು, ಆಮೇಲೆ ಅಮ್ಮ ಹಾಸಿಗೆ ಹಿಡಿದಳು, ಅದಾದ ಮೇಲೆ ಯಾರೂ ಆ ಮಾತೆತ್ತಲಿಲ್ಲ. ಈಗ ಅವಳಿಗೆ ಐವತ್ನಾಲ್ಕು.

ಮೂವತ್ತೈದು ವರ್ಷ ಉಸಿರು ಹಿಡಿದು ಕೆಲಸ ಮಾಡಿದವಳ ನಡಿಗೆಯೂ ಹಾಗೆಯೇ ಆಗಿಬಿಟ್ಟಿತ್ತು. ತಮ್ಮನ ಮನೆ ಮೂರನೆಯ ಮಹಡಿಯಲ್ಲಿ. ಸಂಜೆ ಬಾಗಿಲು ತೆಗೆದು, ಚಪ್ಪಲಿ ಬಿಟ್ಟು, ಮುಖ ತೊಳೆದು ಅಡುಗೆಮನೆಗೆ ಬಂದು ನಿಲ್ಲುವ ತನಕ ಅವಳು ಬಂದದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ತಮ್ಮನ ಹೆಂಡತಿ ತಿರುಗಿ ನೋಡಿ ಬೆಚ್ಚಿಬೀಳುವಳು.

"ಅಯ್ಯೋ ಅತ್ತಿಗೆ, ಯಾವಾಗ ಬಂದ್ರಿ? ನಿಮ್ಮ ಕೊರಳಿಗೊಂದು ಗಂಟೆ ಕಟ್ತೀನಿ ನೋಡಿ."

"ಕಟ್ಟಮ್ಮ. ಕೆಲಸದಲ್ಲಿ ಬಿಚ್ಚಿಸ್ತಾರೆ, ಅಷ್ಟೇ."

ಮಕ್ಕಳು ಫೋನಿನಿಂದ ಕಣ್ಣು ಕೀಳದೆ ನಗುವರು. "ಅತ್ತೆ ಇದಾರಾ?" ಎಂದು ಅವಳ ಪಕ್ಕದಲ್ಲೇ ಕೂತು ಕೇಳುವರು. ಆ ಮನೆಯಲ್ಲಿ ಅವಳ ಮೇಲೆ ಯಾರಿಗೂ ಮುನಿಸಿರಲಿಲ್ಲ. ಮುನಿಸಿಕೊಳ್ಳಬೇಕಾದರೂ ಎದುರಿಗೊಬ್ಬರು ಇದ್ದಾರೆ ಅನ್ನುವುದು ನೆನಪಿರಬೇಕಲ್ಲ.

ಹನ್ನೊಂದು ವರ್ಷದ ಹಿಂದೆ ಮೇಡಂ ಬಂದು ಅವಳ ಮೇಜಿನ ಮುಂದೆ ಸ್ಟೂಲೆಳೆದು ಕೂತದ್ದು ಅವಳಿಗೆ ನಿನ್ನೆ ಮೊನ್ನೆಯಂತೆ ನೆನಪಿದೆ. ಮೇಡಂ ಎಂದರೆ ಆ ಕಟ್ಟಡದ ನೆಲಮಾಳಿಗೆಯ ಪ್ರಯೋಗಕ್ಕೆ ಹಿರಿಯರು. ಕೆಲಸದವರಿಗೆ ಚೀಟಿ ಕಳಿಸುವ ಪೈಕಿ ಅಲ್ಲ, ಕೂತು ಹೇಳುವವರು.

"ಭೂಮಿ ನಮ್ಮನ್ನ ಎಳೆಯತ್ತಲ್ಲ ನೂಲಕ್ಕ, ಆ ಸೆಳೆತ ಎಂಥದ್ದು ಅಂತ ನೋಡ್ಬೇಕು."

"ಬಿದ್ದು ನೋಡಿದ್ರೆ ಗೊತ್ತಾಗಲ್ವಾ ಮೇಡಂ?"

ಮೇಡಂ ನಕ್ಕರು. "ಬೆಳಕು ಕಾಳುಕಾಳಾಗಿ ಬರತ್ತೆ ಅಂತ ಗೊತ್ತಾಗಿದೆ, ಅಕ್ಕಿ ಸುರಿದ ಹಾಗೆ. ಈ ಸೆಳೆತವೂ ಕಾಳಾ, ಇಲ್ಲಾ ಎಣ್ಣೆ ಸುರಿದ ಹಾಗೆ ಒಂದೇ ಧಾರೆಯಾ, ಯಾರಿಗೂ ಗೊತ್ತಿಲ್ಲ. ಕಾಳಿನ ಲೋಕದ ರೀತಿಯೇ ಬೇರೆ. ಕ್ವಾಂಟಂ ಅಂತೀವಿ. ಅಲ್ಲಿ ಒಂದೇ ವಸ್ತು ಇಲ್ಲೂ ಇರತ್ತೆ, ಅಲ್ಲೂ ಇರತ್ತೆ."

"ನಮ್ಮ ತಮ್ಮನ ಬೀಗದಕೈ ಗೊಂಚಲಿನ ಹಾಗೆ."

"ಅದು ಎಲ್ಲೋ ಒಂದು ಕಡೆ ಇರತ್ತೆ, ಅವರಿಗೆ ಗೊತ್ತಿರಲ್ಲ. ಇದು ನಿಜವಾಗ್ಲೂ ಎರಡೂ ಕಡೆ."

ನೂಲಕ್ಕ ಅದನ್ನು ಮರುಪ್ರಶ್ನೆ ಮಾಡದೆ ಒಪ್ಪಿಕೊಂಡಳು. ಮೇಡಂ ಮುಂದೆ ಹೇಳಿದರು. ಸಾಸಿವೆಗಿಂತ ಸಣ್ಣ ಎರಡು ಮಣಿ. ಗಾಳಿಯೇ ಇಲ್ಲದ, ಮಂಜುಗಡ್ಡೆಯೂ ನಾಚುವಷ್ಟು ತಣ್ಣಗಿನ ಒಂದು ಪಾತ್ರೆಯೊಳಗೆ ಅವನ್ನು ಒಂದೊಂದು ನೂಲಿಗೆ ಅಕ್ಕಪಕ್ಕ ತೂಗುಬಿಡುವುದು. ಎರಡನ್ನೂ ಆ ಇಲ್ಲೂ-ಅಲ್ಲೂ ಸ್ಥಿತಿಗೆ ತರುವುದು. ಅವೆರಡರ ನಡುವೆ ಸೆಳೆತ ಬಿಟ್ಟು ಬೇರೇನೂ ಇರಬಾರದು. ಸೆಳೆತವೂ ಆ ಕಾಳಿನ ಲೋಕಕ್ಕೆ ಸೇರಿದ್ದಾದರೆ ಎರಡು ಮಣಿಗಳಿಗೂ ಗಂಟು ಬೀಳುತ್ತದೆ, ಒಂದರ ಹೊಯ್ದಾಟದ ಜೊತೆ ಇನ್ನೊಂದರದು ಕೂಡಿ ಬರುತ್ತದೆ. ಇಲ್ಲವಾದರೆ ಅದರ ಪಾಡು ಅದಕ್ಕೆ, ಇದರ ಪಾಡು ಇದಕ್ಕೆ.

"ಕಷ್ಟ ಏನು ಅಂದ್ರೆ," ಎಂದರು ಮೇಡಂ, "ತಗಡು ಸುತ್ತಿದ್ರೆ ಕರೆಂಟು ಒಳಗೆ ಬರಲ್ಲ. ಸ್ಪ್ರಿಂಗ್ ಮೇಲೆ ನಿಲ್ಲಿಸಿದ್ರೆ ನಡುಕ ಬರಲ್ಲ. ಸೆಳೆತವನ್ನ ಮಾತ್ರ ಯಾವ ಗೋಡೆಯೂ ತಡೆಯಲ್ಲ. ಈಗ ನೋಡಿ, ಇಲ್ಲಿ ಕೂತೇ ನೀವು ನನ್ನನ್ನ ಎಳೀತಿದೀರಿ, ನಾನು ನಿಮ್ಮನ್ನ. ಲೆಕ್ಕಕ್ಕೆ ಬಾರದಷ್ಟು."

ಉಳಿದದ್ದೆಲ್ಲ ಅರ್ಧಂಬರ್ಧ ಮರೆತರೂ ಈ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಕಿಟಕಿಯಾಚೆ ನೋಡುತ್ತಾ ಕೂತಿದ್ದಾಗ, ಲೆಕ್ಕಕ್ಕೆ ಬಾರದಷ್ಟಾದರೂ ಎಳೆಯುತ್ತಿದ್ದೇನಲ್ಲ ಎಂದುಕೊಳ್ಳುವಳು. ಅದರಿಂದ ಏನೂ ಆಗದಿದ್ದರೂ ಒಂದು ಸಮಾಧಾನ.

ಇನ್ನೂರು ನೂಲು ತೆಗೆದರೆ ಅದರಲ್ಲಿ ಎರಡು ಆರಿಸಿಕೊಳ್ಳುವರು. ಹಾಗೆ ವರ್ಷಗಳು ಸಂದವು.

ಊಟದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಮೇಲಿನ ಮಹಡಿಯಲ್ಲಿ ಉದ್ದನೆಯ ಮೇಜೊಂದಿತ್ತು. ಒಂದು ಗಂಟೆಗೆ ಎಲ್ಲರೂ ಡಬ್ಬಿ ಬಿಚ್ಚಿ ಅಲ್ಲಿ ಕೂರುವರು. ಆರು ವರ್ಷದ ಹಿಂದೆ, ಅವಳ ಜೊತೆ ಉಣ್ಣುತ್ತಿದ್ದ ಬಡಗಿ ನಿವೃತ್ತನಾದ ಮೇಲೆ, ನೂಲಕ್ಕನೂ ಒಂದು ದಿನ ಡಬ್ಬಿ ಹಿಡಿದು ಅಲ್ಲಿಗೆ ಹೋದಳು. ಮಾತು ತಟ್ಟನೆ ನಿಂತಿತು. ಯಾರೋ ಕುರ್ಚಿ ಸರಿಸಿ, "ಬನ್ನಿ, ಬನ್ನಿ" ಎಂದರು. "ಆರಾಮಾ?" ಎಂದು ಒಬ್ಬರು ಕೇಳಿದರು. ಆರಾಮ ಎಂದಳು. ಆಮೇಲೆ ನಿಂತ ಮಾತು ನಿಂತಲ್ಲಿಂದಲೇ ಮತ್ತೆ ಹೊರಟಿತು, ಅವಳ ತಲೆಯ ಮೇಲಿನಿಂದ. ಯಾರೂ ತಪ್ಪು ಮಾಡಲಿಲ್ಲ. ಆದರೆ ಮರುದಿನ ಅವಳ ಕಾಲು ಆ ಕಡೆ ಹೋಗಲಿಲ್ಲ.

ಕಟ್ಟಡದ ಹಿಂಬದಿಯಲ್ಲಿ, ತೋಟದ ಕಡೆಯಿಂದ ಆರು ಮೆಟ್ಟಿಲಿಳಿದರೆ, ಹಿಂದೆ ಯಾವಾಗಲೋ ಕಲ್ಲಿದ್ದಲು ತುಂಬುತ್ತಿದ್ದ ಒಂದು ಗೂಡು. ಒಂದು ಹಳೆಯ ಸ್ಟೂಲು, ಮುರಿದ ಕುಂಟೆ, ಅಂಗೈಯಗಲದ ಕಿಟಕಿ. ಅಲ್ಲಿ ಕೂತು ಅವಳು ಉಣ್ಣತೊಡಗಿದಳು. ಗೋಡೆಯಾಚೆಯ ನೆಲಮಾಳಿಗೆಯಿಂದ ಗುಡುಗುಡು ಎಂದು ಗಾಳಿ ಹೀರುವ ಪಂಪಿನ ಸದ್ದು ಬರುತ್ತಿತ್ತು. ಬೆಕ್ಕು ಗುರುಗುಟ್ಟಿದಂತೆ, ಜೊತೆಗೆ ಯಾರೋ ಇದ್ದಂತೆ.

ಮಣಿಗಳ ಯಂತ್ರ ನಡೆಯಲು ಶುರುವಾದಾಗ ನೆಲಮಾಳಿಗೆಯ ಬಾಗಿಲಿಗೆ ಫಲಕ ಬಿತ್ತು: ಹತ್ತರಿಂದ ಐದರವರೆಗೆ ಯಾರೂ ಇಳಿಯಬಾರದು, ಸದ್ದು ಮಾಡಬಾರದು. ಅವಳು ಓದಿದಳು. ತನ್ನ ಗೂಡಿನ ಬಾಗಿಲು ತೋಟಕ್ಕೆ ಇತ್ತು, ನೆಲಮಾಳಿಗೆಗಲ್ಲ. ಸದ್ದಂತೂ ಅವಳು ಹುಟ್ಟಿದಾಗಿನಿಂದ ಮಾಡಿದವಳೇ ಅಲ್ಲ. ಹಾಗಾಗಿ ಫಲಕ ತನಗಲ್ಲ ಅಂದುಕೊಂಡಳು. ಕಟ್ಟಡದ ನಕ್ಷೆ ಹಿಡಿದು ಎರಡು ಬೀದಿಯಾಚೆ ಹೋಗುವ ಲಾರಿಗಳನ್ನೂ ಎಣಿಸಿದವರು, ಗೋಡೆಯಾಚೆಯ ಹಾಳು ಗೂಡನ್ನು ಎಣಿಸಲಿಲ್ಲ.

ಶುರುವಾದ ಮೂರು ತಿಂಗಳಿಗೆ ಕಟ್ಟಡವೇ ಎದ್ದು ಕುಣಿಯುವ ಸುದ್ದಿ ಬಂತು. ಮೇಲಿನ ಮಹಡಿಯ ಕಂಪ್ಯೂಟರ್ ತೆರೆಯ ಮೇಲೆ ಎರಡು ಮಣಿಗಳಿಗೆ ಎರಡು ಗೆರೆ, ಒಂದು ಕೆಂಪು, ಒಂದು ನೀಲಿ. ದಿನವೆಲ್ಲ ಅದರ ಮನಬಂದಂತೆ ಅದು. ಆದರೆ ಒಂದು ಗಂಟೆಯಿಂದ ಒಂದೂ ನಲವತ್ತರ ತನಕ ಎರಡೂ ಜೊತೆಯಾಗಿ ಬಾಗುತ್ತಿದ್ದವು. ಒಂದು ದಿನವಲ್ಲ, ವಾರದ ಆರೂ ದಿನ. ಭಾನುವಾರ ಯಂತ್ರಕ್ಕೂ ರಜೆ, ನೂಲಕ್ಕನಿಗೂ ರಜೆ.

ಮೇಡಂ ಜೊತೆಗೆ ಕೆಲಸ ಮಾಡುವ ಗಡ್ಡದವನು ಕಾರಣ ಹುಡುಕಿದ. "ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಕೂತಿರ್ತೀವಿ. ಲಿಫ್ಟ್ ಓಡಲ್ಲ, ಬಾಗಿಲು ಬಡಿಯಲ್ಲ. ಕಟ್ಟಡ ಸುಮ್ಮನಾದಾಗ ಗಂಟು ಕಾಣತ್ತೆ." ಎಲ್ಲರಿಗೂ ಸರಿ ಅನ್ನಿಸಿತು. ಮೇಡಂ ನೂಲಕ್ಕನ ಮೇಜಿನ ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡರು. ಆ ಕೈಗಳನ್ನು ಅಮ್ಮ ಹೋದ ಮೇಲೆ ಯಾರೂ ಹಿಡಿದಿರಲಿಲ್ಲ.

"ಲೇಖನದಲ್ಲಿ ನಿಮ್ಮ ಹೆಸರೂ ಇರತ್ತೆ ನೂಲಕ್ಕ. ನೂಲಿಲ್ದೆ ಏನಿತ್ತು ನಮ್ಮ ಹತ್ರ? ಸೋಮವಾರದಿಂದ ನಮ್ಮ ಜೊತೆನೇ ಊಟ. ಎಲ್ಲಿ ಹೋಗಿ ತಿಂತೀರೋ ಏನೋ, ಕಾಣೋದೇ ಇಲ್ಲ."

ಸೋಮವಾರ ಅವಳು ಮೇಲೆ ಹೋಗಿ ಕೂತಳು. ಈ ಸಲ ಮಾತು ನಿಲ್ಲಲಿಲ್ಲ, ಅವಳನ್ನು ಸೇರಿಸಿಕೊಂಡಿತು. ಅವಳ ಅಪ್ಪನ ಕಥೆ ಕೇಳಿದರು. ಗಡ್ಡದವನು ಅವಳ ಡಬ್ಬಿಗೇ ಚಮಚ ಹಾಕಿ, "ಇಷ್ಟು ದಿನ ಇದನ್ನ ಬಚ್ಚಿಟ್ಟಿದ್ರಾ?" ಎಂದ. ಮಂಗಳವಾರ ಅವಳು ಬೆಳಿಗ್ಗೆ ಬೇಗ ಎದ್ದು ಎರಡು ಪಾಲು ಹೆಚ್ಚಿಗೆ ಮಾಡಿದಳು. "ಯಾರಿಗೆ ಅತ್ತಿಗೆ ಇಷ್ಟೊಂದು?" ಎಂದು ತಮ್ಮನ ಹೆಂಡತಿ ಕೇಳಿದಾಗ, "ನಮ್ಮವರಿಗೆ" ಎಂದು ಬಾಯಿಗೆ ಬಂದುಬಿಟ್ಟಿತು.

ಆ ಸೋಮವಾರದಿಂದಲೇ ಗಂಟು ಕಾಣೆಯಾಯಿತು.

ಮೊದಲ ದಿನ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ನಾಲ್ಕನೆಯ ದಿನ ಮೇಜಿನ ಮೇಲೆ ಮಾತು ಕಡಿಮೆಯಾಯಿತು. ಭಾನುವಾರ ಬಿಟ್ಟು ಎಂಟನೆಯ ದಿನ ಗಡ್ಡದವನು ತಟ್ಟೆ ನೋಡುತ್ತಲೇ ಹೇಳಿದ, "ನೂಲು ಸಡಿಲಾಗಿರಬಹುದು."

ಎಲ್ಲರ ಕಣ್ಣೂ ಒಂದು ಕ್ಷಣ ಅವಳ ಕಡೆ ಬಂದು ಸರಿಯಿತು. ಮೇಡಂ, "ನೂಲಕ್ಕನ ನೂಲು ಹಾಗಾಗಲ್ಲ" ಎಂದರು. ಆದರೆ ಆ ಮಾತಿನಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ. ಮುಂದಿನ ವಾರ ಪಾತ್ರೆ ತೆರೆಯುವುದೆಂದು ಗೊತ್ತಾಯಿತು. ಬೆಚ್ಚಗಾಗಿಸಿ, ನೂಲು ಬದಲಿಸಿ, ಮತ್ತೆ ತಣ್ಣಗಾಗಿಸುವುದಕ್ಕೆ ನಾಲ್ಕು ತಿಂಗಳು.

"ಯಾವತ್ತಿಂದ ಹೀಗೆ?" ಎಂದು ನೂಲಕ್ಕ ಕೇಳಿದಳು.

"ಹೋದ ವಾರದ ಸೋಮವಾರದಿಂದ. ನೀವು ಊಟಕ್ಕೆ ಬಂದ್ರಲ್ಲ, ಅವತ್ತಿಂದ. ನಿಮ್ಮ ಕಾಲ್ಗುಣ" ಎಂದು ಗಡ್ಡದವನು ನಗಲು ನೋಡಿದ.

ಅವನು ತಮಾಷೆಗೆ ಅಂದದ್ದನ್ನು ಅವಳು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಊಟ ಮುಗಿಸಿ ಅವಳು ತೋಟದ ಕಡೆಯಿಂದ ಮೆಟ್ಟಿಲಿಳಿದಳು. ಸ್ಟೂಲಿನ ಮೇಲೆ ಧೂಳು ಕೂತಿತ್ತು. ಗೋಡೆಗೆ ಅಂಗೈ ಒತ್ತಿದಳು. ಪಂಪು ಗುಡುಗುಡು ಎನ್ನುತ್ತಿತ್ತು, ಎರಡು ಮಾರು ದೂರದಲ್ಲಿ. ಮೇಡಂ ಅಂದದ್ದು ನೆನಪಾಯಿತು: ಸೆಳೆತವನ್ನ ಮಾತ್ರ ಯಾವ ಗೋಡೆಯೂ ತಡೆಯಲ್ಲ.

ಮರುದಿನ ಬುಧವಾರ. ತಲೆನೋವೆಂದು ಹೇಳಿ ಅವಳು ಮೇಲೆ ಹೋಗಲಿಲ್ಲ. ಒಂದು ಗಂಟೆಗೆ ಸರಿಯಾಗಿ ಗೂಡಿಗೆ ಹೋಗಿ ಕೂತಳು. ಉಸಿರು ಹಿಡಿದು ನೂಲು ಎಳೆಯುವವಳ ಹಾಗೆ ಅಲುಗಾಡದೆ ಕೂತು, ನಲವತ್ತು ನಿಮಿಷಕ್ಕೆ ಎದ್ದಳು. ಕಾರಿಡಾರಿಗೆ ಬರುವಷ್ಟರಲ್ಲಿ ಮೇಲಿನಿಂದ ಚಪ್ಪಾಳೆ. ಗಡ್ಡದವನು ಎರಡೆರಡು ಮೆಟ್ಟಿಲು ಹಾರುತ್ತಾ ಇಳಿದು ಬಂದ.

"ಬಂತು ನೂಲಕ್ಕ. ವಾಪಸ್ ಬಂತು. ನಿಮ್ಮ ನೂಲಿಗೇನೂ ಆಗಿಲ್ಲ. ನಾನು ಕತ್ತೆ, ಕ್ಷಮಿಸಿ. ಎಲ್ಲಿ ಹೋಗಿದ್ರಿ?"

"ಇಲ್ಲೇ" ಎಂದಳು.

ಆ ಸಂಜೆ ಅವಳು ಬಸ್ಸು ಹತ್ತದೆ ನಡೆದೇ ಮನೆಗೆ ಹೋದಳು. ಸುಮ್ಮನಿದ್ದರೆ ಏನಾಗುತ್ತದೆ ಎಂಬುದು ಅವಳಿಗೆ ಕೈಗನ್ನಡಿಯಷ್ಟು ಸ್ಪಷ್ಟವಾಗಿತ್ತು. ಮೇಡಂ ಹನ್ನೊಂದು ವರ್ಷ ಕಾದದ್ದು ಕೈಗೆ ಬರುತ್ತದೆ. ನೂಲಿನ ಮೇಲಿನ ಅನುಮಾನ ಹೋಗುತ್ತದೆ. ಅಪ್ಪನ ಮನೆತನದ ಹೆಸರು ಅಚ್ಚಾಗುತ್ತದೆ. ಅವಳು ಮಾಡಬೇಕಾದದ್ದು ಇಷ್ಟೇ, ದಿನಾ ಒಂದು ಗಂಟೆಗೆ ಗೂಡಿನಲ್ಲಿ ಒಬ್ಬಳೇ ಕೂರುವುದು. ಆರು ವರ್ಷ ಮಾಡಿದ್ದನ್ನೇ ಮಾಡುವುದು. ಎಲ್ಲರ ಸಂತೋಷಕ್ಕೂ ತಾನೇ ಕಾರಣಳಾಗಿರುವುದು, ಆ ಸಂತೋಷದ ಮೇಜಿಗೆ ಮಾತ್ರ ಎಂದೂ ಹೋಗದಿರುವುದು. ಹೇಳಿಬಿಟ್ಟರೆ ಮೇಜೂ ಹೋಯಿತು, ಗೂಡೂ ಹೋಯಿತು. ಅದಕ್ಕಿಂತ ಕಷ್ಟದ್ದು, ಮೂವತ್ತು ಜನರಿರುವ ಕಟ್ಟಡದಲ್ಲಿ ತಾನು ಆರು ವರ್ಷ ಕಲ್ಲಿದ್ದಲಿನ ಗೂಡಿನಲ್ಲಿ ಉಂಡೆ ಎಂದು ಬಾಯಿಬಿಟ್ಟು ಹೇಳಬೇಕು.

ಮನೆಗೆ ಬಂದಾಗ ಎಲ್ಲರೂ ಟಿವಿ ನೋಡುತ್ತಿದ್ದರು. ಅವಳು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಳು. ಯಾರೂ ತಿರುಗಲಿಲ್ಲ. ಗೋಡೆಯಾಚೆಯ ಎರಡು ಮಣಿಗಳಿಗೆ ತಿಳಿದದ್ದು ಇಲ್ಲಿ ಯಾರಿಗೂ ತಿಳಿಯಲಿಲ್ಲವಲ್ಲ ಅನ್ನಿಸಿ ನಗು ಬಂತು, ಕಣ್ಣೂ ಮಂಜಾಯಿತು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಕೂತು ಉರಿ ಹಚ್ಚಿದಳು. ಮೊದಲ ನೂಲನ್ನೇ ಕರಿ ಹಲಗೆಯ ಮುಂದೆ ಹಿಡಿದು ನೋಡಿದರೆ ಅದರಲ್ಲೊಂದು ಗೀರು. ಬೇರೆ ಯಾರಿಗೂ ಕಾಣುವಂಥದ್ದಲ್ಲ. ಅವಳು ಉರಿ ಆರಿಸಿ, ಮೇಡಂ ಕೋಣೆಗೆ ಹೋದಳು.

"ಮೇಡಂ, ನಿಮ್ಮ ಮಣಿಗಳು ಒಂದನ್ನೊಂದು ಕರೀತಿಲ್ಲ. ನಾನು ಎರಡನ್ನೂ ಕರೀತಿದೀನಿ."

ಮೊದಲಿಗೆ ಅವರಿಗೆ ಅರ್ಥವಾಗಲಿಲ್ಲ. ಅವಳು ಗೂಡು, ಸ್ಟೂಲು, ಡಬ್ಬಿ, ಸೋಮವಾರ, ತಲೆನೋವು ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

"ಆರು ವರ್ಷ ಅಲ್ಲಿ ಕೂತು ಊಟ ಮಾಡಿದ್ರಾ?"

"ಸದ್ದು ಮಾಡ್ತಿರಲಿಲ್ಲ ಮೇಡಂ."

"ಸದ್ದಿನ ಮಾತಲ್ಲ. ಒಬ್ಬರೇ ಯಾಕೆ?"

ಅದಕ್ಕೆ ಉತ್ತರ ಅವಳ ಹತ್ತಿರ ಇತ್ತು, ಆದರೆ ಹೇಳಿದರೆ ದೂರಿನಂತೆ ಕೇಳಿಸುತ್ತಿತ್ತು. ಮೇಡಂ ಒಂದು ಖಾಲಿ ಚೀಟಿಯನ್ನು ಅವಳ ಮುಂದಿಟ್ಟರು.

"ನಾಳೆ ನಿಮಗೆ ಯಾವಾಗ ಅನ್ಸತ್ತೋ ಆವಾಗ ಹೋಗಿ ಕೂತ್ಕೊಳಿ. ಗಂಟೆ ಬರೆದಿಟ್ಕೊಳಿ, ನಮಗೆ ಹೇಳ್ಬೇಡಿ. ಸಂಜೆ ನೋಡೋಣ."

ಮರುದಿನ ಅವಳು ಮೂರು ಸಲ ಹೋಗಿ ಕೂತಳು. ಸಂಜೆ ಚೀಟಿಯನ್ನು ಮೇಜಿನ ಮೇಲಿಟ್ಟಳು: ಹತ್ತು ಇಪ್ಪತ್ತರಿಂದ ಹತ್ತು ಮುಕ್ಕಾಲು, ಹನ್ನೊಂದೂವರೆಯಿಂದ ಹತ್ತು ನಿಮಿಷ, ಮೂರೂ ಐದರಿಂದ ಅರ್ಧ ಗಂಟೆ. ಗಡ್ಡದವನು ಗೆರೆಯ ಕಾಗದವನ್ನು ಪಕ್ಕದಲ್ಲಿ ಹಾಸಿದ. ಮೂರು ದಿಬ್ಬ. ಮೂರೂ ಅವಳು ಬರೆದಲ್ಲೇ.

"ನಿಮ್ಮ ತೂಕ ಎಷ್ಟು ನೂಲಕ್ಕ?"

"ಐವತ್ತೊಂದು. ಹೋದ ವರ್ಷ ತೂಗಿದ್ದು."

ಅವನು ಗೋಡೆಯ ದೂರ ಹಾಕಿ, ಆ ದಿಬ್ಬ ಎಬ್ಬಿಸಲು ಎಷ್ಟು ತೂಕ ಬೇಕೆಂದು ಲೆಕ್ಕ ಮಾಡಿದ. ಸಾವಿನ ಸುದ್ದಿ ಹೇಳುವವನ ದನಿಯಲ್ಲಿ, "ಐವತ್ತೊಂದೇ" ಎಂದ.

ಎಲ್ಲರೂ ಹೋದ ಮೇಲೂ ಮೇಡಂ ಆ ಕಾಗದದ ಮುಂದೆ ಕೂತಿದ್ದರು. ನೂಲಕ್ಕ ಹೊರಡಲೋ ನಿಲ್ಲಲೋ ತಿಳಿಯದೆ ಬಾಗಿಲ ಹತ್ತಿರ ನಿಂತಿದ್ದಳು.

"ನೀವು ಹೇಳದೇ ಇದ್ದಿದ್ರೆ?" ಎಂದರು ಮೇಡಂ, ತಿರುಗದೆ.

"ದಿನಾ ಅಲ್ಲಿ ಕೂರಬೇಕಾಗ್ತಿತ್ತು."

"ಕೂರಬಹುದಿತ್ತಲ್ಲ."

"ನಾನು ಸತ್ಮೇಲೆ ಏನ್ಮಾಡ್ತಿದ್ರಿ ಮೇಡಂ?"

ಮೇಡಂ ನಕ್ಕರು. ನಗು ಅರ್ಧಕ್ಕೇ ಬೇರೇನೋ ಆಯಿತು. ನೂಲಕ್ಕ ಹತ್ತಿರ ಹೋಗಿ ಭುಜ ಮುಟ್ಟಬೇಕೆಂದುಕೊಂಡಳು. ಆದರೆ ಏನನ್ನೂ ಮುಟ್ಟದೆ ಕೆಲಸ ಮಾಡಿ ಅಭ್ಯಾಸವಾದ ಕೈ ಮೇಲೇಳಲಿಲ್ಲ. ಅಲ್ಲೇ ನಿಂತಳು. ಅಷ್ಟು ದೂರದಿಂದ ಎಷ್ಟು ಎಳೆಯಬಹುದೋ ಅಷ್ಟು.

ಲೇಖನ ಹೋಗಲಿಲ್ಲ. ಸೆಳೆತ ಕಾಳೋ ಧಾರೆಯೋ ಎಂಬುದು ಮೊದಲಿನಷ್ಟೇ ಗೊತ್ತಿಲ್ಲದೆ ಉಳಿಯಿತು. ಅವಳನ್ನು ಯಾರೂ ಬೈಯಲಿಲ್ಲ. ಊಟಕ್ಕೆ ಬರಬೇಡಿ ಎಂದೂ ಅನ್ನಲಿಲ್ಲ. ಆದರೆ ಮೇಜಿನ ಮೇಲೆ ಈಗ ಲೆಕ್ಕದ ಮಾತು ಮಾತ್ರ ಇತ್ತು, ಅದು ಮತ್ತೆ ಅವಳ ತಲೆಯ ಮೇಲಿನಿಂದಲೇ ಹೋಗುತ್ತಿತ್ತು. ಒಂದು ದಿನ ಅವಳ ಕುರ್ಚಿಯ ಮೇಲೆ ಯಾರದೋ ಚೀಲವಿತ್ತು. ಅವಳು ಅದನ್ನು ತೆಗೆಯಿರಿ ಎನ್ನಲಿಲ್ಲ.

ತಿಂಗಳಾದ ಮೇಲೆ ಗಡ್ಡದವನು ಅವಳ ಮೇಜಿಗೆ ಬಂದ. ಮನುಷ್ಯರ ಸೆಳೆತ ಎಷ್ಟೆಂದು ಯಂತ್ರಕ್ಕೆ ಪಾಠ ಹೇಳಬೇಕಿತ್ತು, ಆಗ ಅದನ್ನು ಕಳೆದು ಉಳಿದದ್ದನ್ನು ನೋಡಬಹುದು. ಮರಳಿನ ಮೂಟೆ ಇಟ್ಟು ನೋಡಿದ್ದರು, ಮೆಟ್ಟಿಲಿಳಿಸಿ ಇಡುವಾಗ ಯಂತ್ರವೇ ನಡುಗಿತು. ತಾನೇ ಹೋಗಿ ಕೂತು ನೋಡಿದ್ದ, ಅವನು ಕೆಮ್ಮಿದ್ದೆಲ್ಲ ಗೆರೆಯಲ್ಲಿ ಬಂತು.

"ನಿಮ್ಮ ಹಾಗೆ ಕೂರೋಕೆ ಯಾರಿಗೂ ಬರಲ್ಲ ನೂಲಕ್ಕ. ಗೋಡೆ ಕೂತ ಹಾಗೆ ಕೂರ್ತೀರಿ. ವಾರಕ್ಕೆ ಮೂರು ದಿನ, ಒಂದರಿಂದ ಒಂದೂ ನಲವತ್ತು. ಆಗತ್ತಾ?"

"ಡಬ್ಬಿ ತಗೊಂಡು ಹೋಗ್ಬಹುದಾ?"

"ಡಬ್ಬಿ ತೂಕ ಹೇಳಿ, ಸೇರಿಸ್ಕೋತೀವಿ."

ಹಾಗೆ ಅವಳು ಮತ್ತೆ ಆರು ಮೆಟ್ಟಿಲಿಳಿದು ಕಲ್ಲಿದ್ದಲಿನ ಗೂಡಿಗೆ ಹೋದಳು. ಅದೇ ಸ್ಟೂಲು, ಅದೇ ಅಂಗೈಯಗಲದ ಕಿಟಕಿ, ಅದೇ ಗುಡುಗುಡು. ಈಗ ಅವಳಿಗೆ ಅಲ್ಲಿ ಕೂರಲು ಅಪ್ಪಣೆ ಇತ್ತು, ಅಷ್ಟೇ ವ್ಯತ್ಯಾಸ.

ಒಂದು ಶುಕ್ರವಾರ ಕಾಲು ಜೋಮು ಹಿಡಿದು ಅವಳು ಮೂರು ನಿಮಿಷ ಮೊದಲೇ ಎದ್ದಳು. ಕಾರಿಡಾರಿನಲ್ಲಿ ಗಡ್ಡದವನು ಎದುರಾದ.

"ಇವತ್ತು ಒಂದೂ ಮೂವತ್ತೇಳಕ್ಕೇ ಎದ್ರಲ್ಲ. ಯಾಕೆ, ಹುಷಾರಿಲ್ವಾ?"

ಅವಳು ನಿಂತುಬಿಟ್ಟಳು. ಎದ್ದು ಹೋದದ್ದಕ್ಕೆ ಯಾಕೆ ಎಂದು ಅವಳನ್ನು ಯಾರೂ ಕೇಳಿದ ನೆನಪಿರಲಿಲ್ಲ.

"ಕಾಲು ಜೋಮು ಹಿಡಿದಿತ್ತಪ್ಪ. ಲೆಕ್ಕ ಕೆಡ್ತಾ?"

"ಇಲ್ಲ, ಮೂರು ನಿಮಿಷಕ್ಕೆ ಏನಾಗಲ್ಲ. ಎದ್ದಿದ್ದು ಗೊತ್ತಾದ್ರೆ ಸಾಕು, ಬರ್ಕೋತೀವಿ."

ಲೆಕ್ಕ ಕೆಡುವುದಿಲ್ಲ ಎಂದು ಹಾಗೆ ಖಾತ್ರಿಯಾದ ಮೇಲೆ, ತಿಂಗಳಿಗೊಮ್ಮೆಯಾದರೂ ನೂಲಕ್ಕನ ಕಾಲು ಜೋಮು ಹಿಡಿಯುತ್ತಿತ್ತು.